ಸೈತಾನ ಮೊದಲು ಯಾರಾಗಿದ್ದ? ಪದೇ ಪದೇ ಕೇಳುವ ಪ್ರಶ್ನೆಗಳು

ಯಹೂದಿಗಳಲ್ಲಿ ಸೈತಾನ ದೇವರ ಕೈಕೆಳಗಿನವನು, ಕ್ರೈಸ್ತರಲ್ಲಿ ದೇವರ ಶತ್ರು. ಈ ವಿಷಯ ಬಂದಾಗಲೆಲ್ಲ ಸಿಗುವ ಉತ್ತರ ಇದು. ಇದು ಅರ್ಧ ಸರಿ. ಸೈತಾನ ಶತ್ರುವಾಗಿ ಬೆಳೆದದ್ದು ಯೇಸು ಹುಟ್ಟುವ ಮೊದಲೇ, ಅದೂ ಯಹೂದಿಗಳ ನಡುವೆಯೇ. ಆಮೇಲೆ ಕ್ರೈಸ್ತರು ಅದನ್ನು ಹಿಡಿದುಕೊಂಡರು, ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಬಹುಮಟ್ಟಿಗೆ ಕೈಬಿಟ್ಟರು. ಇದು ಹೇಗಾಯಿತು ಅನ್ನುವುದನ್ನು ಒಂದೊಂದೇ ಪ್ರಶ್ನೆಯಾಗಿ ನೋಡೋಣ.

ಸೈತಾನ ಅನ್ನೋದು ಒಬ್ಬನ ಹೆಸರಾ?

ಮೊದಲು ಅಲ್ಲ. ಹೀಬ್ರೂವಿನಲ್ಲಿ ಸಾತಾನ್ ಅಂದರೆ ಅಡ್ಡ ನಿಲ್ಲುವವನು, ಎದುರಾಳಿ, ದೂರು ಹೇಳುವವನು. ಮನುಷ್ಯರಿಗೂ ಹೀಗೆ ಕರೆದಿದ್ದಾರೆ. ಯಹೂದಿಗಳ ಹೀಬ್ರೂ ಬೈಬಲಿನ ಸಮುವೇಲನ ಮೊದಲ ಪುಸ್ತಕದಲ್ಲಿ ಫಿಲಿಷ್ಟಿಯರ ನಾಯಕರು, ಮುಂದೆ ಇಸ್ರೇಲಿನ ರಾಜನಾದ ದಾವೀದನನ್ನು ಯುದ್ಧಕ್ಕೆ ಕರೆದುಕೊಂಡು ಹೋಗಲು ಒಪ್ಪುವುದಿಲ್ಲ. ಹೊಡೆದಾಟದ ನಡುವೆ ಇವನು ನಮಗೇ ಸಾತಾನ್ ಆಗಿಬಿಟ್ಟರೆ ಏನು ಗತಿ ಅನ್ನುವುದು ಅವರ ಭಯ.

ಇದಕ್ಕಿಂತ ಸ್ವಾರಸ್ಯದ್ದು ಬಿಳಾಮನ ಕಥೆ. ಅವನು ಕತ್ತೆಯ ಮೇಲೆ ಕೂತು ಹೊರಟಿದ್ದಾನೆ. ದಾರಿಯಲ್ಲಿ ದೇವದೂತ ಕತ್ತಿ ಹಿರಿದು ಅಡ್ಡ ನಿಂತಿದ್ದಾನೆ. ಕತ್ತೆಗೆ ಕಾಣುತ್ತದೆ, ಬಿಳಾಮನಿಗೆ ಕಾಣುವುದಿಲ್ಲ. ಕತ್ತೆ ಮೂರು ಸಲ ದಾರಿ ಬಿಡುತ್ತದೆ, ಮೂರು ಸಲವೂ ಏಟು ತಿನ್ನುತ್ತದೆ. ಆ ದೂತ ನಿಂತದ್ದು "ಸಾತಾನ್ ಆಗಿ" ಅಂತಲೇ ಹೀಬ್ರೂ ಪಠ್ಯದಲ್ಲಿದೆ. ಕಳಿಸಿದವನು ದೇವರೇ!

ಯೋಬನಿಗೆ ಅಷ್ಟೊಂದು ಕಷ್ಟ ಕೊಟ್ಟವನು ಸೈತಾನನೇ ಅಲ್ವಾ?

ಹೌದು, ಆದರೆ ಒಪ್ಪಿಗೆ ತೆಗೆದುಕೊಂಡು. ಬೈಬಲಿನ ಯೋಬನ ಪುಸ್ತಕದ ಮೊದಲ ಅಧ್ಯಾಯ ನೋಡಿ. ದೇವರ ಮುಂದೆ ದೇವಪುತ್ರರು ಬಂದು ನಿಲ್ಲುತ್ತಾರೆ, ಅವರ ಜೊತೆ ಇವನೂ ಬರುತ್ತಾನೆ. ಯಾರೂ ಗಾಬರಿಯಾಗುವುದಿಲ್ಲ. ಎಲ್ಲಿಂದ ಬಂದೆ ಅಂತ ದೇವರು ಕೇಳುತ್ತಾನೆ. ಭೂಮಿಯ ಮೇಲೆಲ್ಲ ಓಡಾಡಿಕೊಂಡು ಬಂದೆ ಅನ್ನುತ್ತಾನೆ ಇವನು. ನನ್ನ ಸೇವಕ ಯೋಬನನ್ನು ನೋಡಿದೆಯಾ ಅಂತ ಮಾತು ತೆಗೆಯುವವನೂ ದೇವರೇ. ಆಗ ಇವನು ಒಂದು ಪ್ರಶ್ನೆ ಎತ್ತುತ್ತಾನೆ. ಯೋಬ ಸುಮ್ನೆ ಭಕ್ತಿ ಮಾಡುತ್ತಾನಾ? ನೀನು ಅವನ ಸುತ್ತ ಬೇಲಿ ಕಟ್ಟಿ ಕಾಪಾಡಿದ್ದೀಯ, ಆಸ್ತಿ ಕೊಟ್ಟಿದ್ದೀಯ. ಅದನ್ನೆಲ್ಲ ಕಿತ್ತುಕೊಂಡು ನೋಡು.

ನಿಜ ಹೇಳಬೇಕಂದರೆ ಪ್ರಶ್ನೆ ನ್ಯಾಯವಾಗಿಯೇ ಇದೆ. ದೇವರು ಒಪ್ಪುತ್ತಾನೆ. ಎಲ್ಲಿಯವರೆಗೆ ಕೈ ಹಾಕಬಹುದು ಅಂತ ಗೆರೆಯನ್ನೂ ಹಾಕುತ್ತಾನೆ. ಮೊದಲ ಸಲ ಯೋಬನ ಮೈ ಮುಟ್ಟಬಾರದು. ಎರಡನೇ ಸಲ ಮೈ ಮುಟ್ಟಬಹುದು, ಪ್ರಾಣ ತೆಗೆಯಬಾರದು. ಆ ಗೆರೆಯನ್ನು ಇವನು ದಾಟುವುದಿಲ್ಲ.

ಹೀಬ್ರೂವಿನಲ್ಲಿ ಇವನು "ಹಾ-ಸಾತಾನ್". ಈ "ಹಾ" ಇಂಗ್ಲಿಷಿನ "the" ಇದ್ದ ಹಾಗೆ. ಅದು ಹೆಸರಲ್ಲ, ಹುದ್ದೆ. ಎರಡನೇ ಅಧ್ಯಾಯ ಮುಗಿದ ಮೇಲೆ ಅವನು ಪತ್ತೆಯೇ ಇಲ್ಲ. ಕೊನೆಯ ಅಧ್ಯಾಯದಲ್ಲಿ ನೆಂಟರಿಷ್ಟರು ಬಂದು ಯೋಬನನ್ನು ಸಂತೈಸುತ್ತಾರೆ. ಯಾವುದಕ್ಕಾಗಿ? ಯೆಹೋವನು, ಅಂದರೆ ದೇವರೇ, ಅವನಿಗೆ ತಂದ ಕೇಡಿಗಾಗಿ. ಸೈತಾನನ ಸುದ್ದಿಯೇ ಅಲ್ಲಿಲ್ಲ.

ಜೆಕರ್ಯನ ಪುಸ್ತಕದ ಮೂರನೇ ಅಧ್ಯಾಯದಲ್ಲೂ ಇವನಿದ್ದಾನೆ. ಮಹಾಯಾಜಕ ಯೆಹೋಶುವ ಕೊಳೆ ಬಟ್ಟೆಯಲ್ಲಿ ನಿಂತಿದ್ದಾನೆ. ಬಲಗಡೆ ಇವನು ತಪ್ಪು ಹೊರಿಸಲು ನಿಂತಿದ್ದಾನೆ. ಇದು ಕೋರ್ಟಿನ ದೃಶ್ಯ, ಇವನು ಅಲ್ಲಿ ಸರ್ಕಾರಿ ವಕೀಲ. ಕೇಸು ಸೋಲುತ್ತಾನೆ, ಬೈಸಿಕೊಳ್ಳುತ್ತಾನೆ. ಆದರೆ ಕೆಲಸದಿಂದ ತೆಗೆಯುವುದಿಲ್ಲ.

ಏದೆನ್ ತೋಟದ ಹಾವು?

ಆದಿಕಾಂಡದಲ್ಲಿ ಅದು ಹಾವು, ಅಷ್ಟೇ. ಕಾಡುಪ್ರಾಣಿಗಳಲ್ಲೆಲ್ಲ ಯುಕ್ತಿಯುಳ್ಳದ್ದು ಅಂತ ಕಥೆಯೇ ಹೇಳುತ್ತದೆ. ಶಿಕ್ಷೆಯೂ ಹಾವಿಗೆ ತಕ್ಕದ್ದೇ: ಹೊಟ್ಟೆಯ ಮೇಲೆ ಹರಿದಾಡು, ಮಣ್ಣು ತಿನ್ನು. ಸೈತಾನನ ಹೆಸರು ಆದಿಕಾಂಡದಲ್ಲಿ ಒಂದು ಸಲವೂ ಬರುವುದಿಲ್ಲ. ಸಾವು ಲೋಕಕ್ಕೆ ಬಂದದ್ದು ಪಿಶಾಚನ, ಅಂದರೆ ಸೈತಾನನ, ಹೊಟ್ಟೆಕಿಚ್ಚಿನಿಂದ ಅನ್ನುವ ಮಾತು ಮುಂದೆ ಗ್ರೀಕಿನಲ್ಲಿ ಬರೆದ ಸೊಲೊಮೋನನ ಜ್ಞಾನಗ್ರಂಥ ಅನ್ನುವ ಯಹೂದಿ ಕೃತಿಯಲ್ಲಿ ಬರುತ್ತದೆ. ಹಾವಿಗೂ ಸೈತಾನನಿಗೂ ಗಂಟು ಬಿದ್ದದ್ದು ಹೀಗೆ ನಿಧಾನವಾಗಿ.

ಬದಲಾವಣೆ ಶುರುವಾದದ್ದು ಎಲ್ಲಿ? ಒಂದು ಜಾಗ ತೋರಿಸಿ.

ತೋರಿಸಬಹುದು. ದಾವೀದ ಜನಗಣತಿ ಮಾಡಿಸಿದ ಕಥೆ ಬೈಬಲಿನಲ್ಲಿ ಎರಡು ಕಡೆ ಇದೆ. ಗಣತಿ ಮಾಡಿಸಿದ್ದು ಪಾಪ, ಅದಕ್ಕೆ ಶಿಕ್ಷೆಯಾಗಿ ದೇಶಕ್ಕೆ ರೋಗ ಬಡಿಯುತ್ತದೆ. ಆ ಪಾಪಕ್ಕೆ ದಾವೀದನನ್ನು ಎಬ್ಬಿಸಿದವರು ಯಾರು?

ಸಮುವೇಲನ ಎರಡನೇ ಪುಸ್ತಕ, 24ನೇ ಅಧ್ಯಾಯ: ಯೆಹೋವನಿಗೆ ಕೋಪ ಬಂತು, ಆತನೇ ದಾವೀದನನ್ನು ಎತ್ತಿಕಟ್ಟಿದ. ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕ, 21ನೇ ಅಧ್ಯಾಯ: ಸಾತಾನ್ ಎದ್ದು ದಾವೀದನನ್ನು ಎತ್ತಿಕಟ್ಟಿದ. ಎರಡನೆಯದನ್ನು ಬರೆದದ್ದು ಯಹೂದಿಗಳ ಬಾಬಿಲೋನಿನ ಸೆರೆವಾಸ ಮುಗಿದ ಎಷ್ಟೋ ಕಾಲದ ಮೇಲೆ. ಅದನ್ನು ಬರೆದವನ ಕಣ್ಣ ಮುಂದೆ ಹಳೆಯ ಕಥೆ ಇತ್ತು. ದೇವರೇ ಪಾಪ ಮಾಡಿಸಿ, ದೇವರೇ ಶಿಕ್ಷೆ ಕೊಟ್ಟ ಅಂತ ಬರೆಯಲು ಅವನ ಕೈ ಹಿಂಜರಿದಿರಬೇಕು. ಆ ಹೊಣೆ ಹೊರಲು ಬೇರೆ ಯಾರಾದರೂ ಬೇಕಿತ್ತು. ಸೈತಾನನ ಚರಿತ್ರೆ ಪೂರ್ತಿ ಈ ಒಂದು ತಿದ್ದುಪಡಿಯಲ್ಲೇ ಇದೆ ಅಂದರೂ ತಪ್ಪಿಲ್ಲ. ಇಲ್ಲಿನ ಸಾತಾನ್ ಹೆಸರಾ, ಸುಮ್ಮನೆ ಒಬ್ಬ ಎದುರಾಳಿಯಾ ಅಂತ ಪಂಡಿತರು ಈಗಲೂ ಜಗಳವಾಡುತ್ತಾರೆ, ಅದು ಬೇರೆ ಮಾತು.

ಇದು ಪರ್ಷಿಯಾದಿಂದ ಬಂದದ್ದು ಅಂತಾರಲ್ಲ?

ಕ್ರಿ.ಪೂ. 586ರ ಹೊತ್ತಿಗೆ ಬಾಬಿಲೋನಿನವರು ಜೆರುಸಲೇಮನ್ನು ಸುಟ್ಟು ಜನರನ್ನು ಸೆರೆ ಒಯ್ದರು. ಕ್ರಿ.ಪೂ. 539ರಲ್ಲಿ ಪರ್ಷಿಯಾದ ಕೋರೆಷ ಬಾಬಿಲೋನನ್ನು ಗೆದ್ದು ಅವರನ್ನು ಊರಿಗೆ ಬಿಟ್ಟ. ಮುಂದಿನ ಎರಡು ಶತಮಾನ ಯಹೂದಿಗಳು ಬದುಕಿದ್ದು ಪರ್ಷಿಯಾದ ಆಳ್ವಿಕೆಯಲ್ಲಿ. ಪರ್ಷಿಯನ್ನರ ಜರತುಷ್ಟ್ರ ಧರ್ಮದಲ್ಲಿ, ಅಂದರೆ ನಮ್ಮಲ್ಲಿನ ಪಾರ್ಸಿಗಳ ಧರ್ಮದಲ್ಲಿ, ಒಳಿತಿನ ಅಹುರ ಮಜ್ದನಿಗೆ ಎದುರಾಗಿ ಕೇಡಿನ ಅಂಗ್ರ ಮೈನ್ಯು ಇದ್ದಾನೆ.

ಅವರ ಗಾಳಿ ಇವರಿಗೆ ಸ್ವಲ್ಪವೂ ಸೋಕಲಿಲ್ಲ ಅನ್ನಲಾಗದು. ಹಾಗಂತ ಎತ್ತಿ ತಂದು ಇಟ್ಟುಕೊಂಡರು ಅನ್ನುವುದೂ ಸರಿಯಲ್ಲ. ಯೆಶಾಯನ ಪುಸ್ತಕದ 45ನೇ ಅಧ್ಯಾಯ ಕೋರೆಷನನ್ನೇ ಉದ್ದೇಶಿಸಿ ಹೇಳಿದ್ದು. ಅಲ್ಲಿ ಯೆಹೋವ ಖಡಾಖಂಡಿತವಾಗಿ ಹೇಳುತ್ತಾನೆ: ಬೆಳಕನ್ನು ಉಂಟುಮಾಡುವವನೂ ನಾನೇ, ಕತ್ತಲನ್ನು ಸೃಷ್ಟಿಸುವವನೂ ನಾನೇ, ಕೇಡನ್ನು ಬರಮಾಡುವವನೂ ನಾನೇ. ಕೇಡಿಗೆ ಬೇರೆ ಒಡೆಯ ಬೇಡವೇ ಬೇಡ ಅನ್ನುವ ಹಟ ಇದು. ಮುಂದೆ ಸೈತಾನ ಎಷ್ಟೇ ಬೆಳೆದರೂ ದೇವರಿಗೆ ಸರಿಸಮ ಅಂತ ಯಹೂದಿಗಳೂ ಹೇಳಲಿಲ್ಲ, ಕ್ರೈಸ್ತರ ಮುಖ್ಯ ಪಂಥಗಳೂ ಹೇಳಲಿಲ್ಲ.

ಹಾಗಾದರೆ ಅವನು ದೊಡ್ಡವನಾದದ್ದು ಯಾವಾಗ?

ಕ್ರಿಸ್ತಪೂರ್ವದ ಕೊನೆಯ ಎರಡು ಮೂರು ಶತಮಾನಗಳಲ್ಲಿ. ಆಗ ಯಹೂದಿಗಳು ಬರೆದ ಎಷ್ಟೋ ಗ್ರಂಥಗಳು ಹೀಬ್ರೂ ಬೈಬಲಿನೊಳಗೆ ಸೇರಲಿಲ್ಲ. ನಮಗೆ ಬೇಕಾದ ಸರಕು ಅಲ್ಲೇ ಇದೆ.

ಹನೋಕನ ಪುಸ್ತಕ ತೆಗೆದುಕೊಳ್ಳಿ. 200 ದೇವದೂತರು ಹೆರ್ಮೋನ್ ಬೆಟ್ಟದ ಮೇಲೆ ಇಳಿದು ಆಣೆ ಮಾಡಿ, ಮನುಷ್ಯರ ಹೆಣ್ಣುಮಕ್ಕಳನ್ನು ಮದುವೆಯಾಗುತ್ತಾರೆ. ಅವರಲ್ಲೊಬ್ಬ ಅಜಾಜೇಲ. ಅವನು ಗಂಡಸರಿಗೆ ಕತ್ತಿ, ಗುರಾಣಿ ಮಾಡುವುದನ್ನು ಕಲಿಸುತ್ತಾನೆ. ಬಳೆ ಮಾಡುವುದು, ಕಣ್ಣಿಗೆ ಕಾಡಿಗೆ ತೀಡುವುದು ಕೂಡ ಅವನದೇ ಪಾಠ! ಯುದ್ಧಕ್ಕೂ ಅಲಂಕಾರಕ್ಕೂ ಒಬ್ಬನೇ ಮೇಷ್ಟ್ರು. ಕೇಡು ಮನುಷ್ಯನೊಳಗಿಂದ ಹುಟ್ಟಿದ್ದಲ್ಲ, ಮೇಲಿಂದ ದಂಗೆ ಎದ್ದು ಬಂದವರು ತಂದದ್ದು ಅನ್ನುವ ಯೋಚನೆ ಇಲ್ಲಿದೆ. ಬಿದ್ದ ದೇವದೂತರ ಕಥೆಯ ಮೂಲ ಇದೇ.

ಜುಬಿಲಿಗಳ ಪುಸ್ತಕದಲ್ಲಿ ಮಸ್ತೇಮ ಅನ್ನುವ ಮುಖಂಡ ಬರುತ್ತಾನೆ. ಜಲಪ್ರಳಯದ ನಂತರ ದುಷ್ಟಾತ್ಮಗಳನ್ನು ಕಟ್ಟಿಹಾಕು ಅಂತ ನೋಹ ಬೇಡಿಕೊಳ್ಳುತ್ತಾನೆ. ಮಸ್ತೇಮ ಬಂದು, ಎಲ್ಲರನ್ನೂ ಕಟ್ಟಿಹಾಕಿದರೆ ನನ್ನ ಕೆಲಸ ನಡೆಯೋದು ಹೇಗೆ, ಸ್ವಲ್ಪ ಜನರನ್ನಾದರೂ ಬಿಡು ಅಂತ ಅರ್ಜಿ ಹಾಕುತ್ತಾನೆ. ದೇವರು ಹತ್ತರಲ್ಲಿ ಒಂದು ಪಾಲು ಬಿಡುತ್ತಾನೆ. ಅಬ್ರಹಾಮನಿಗೆ ಮಗನನ್ನು ಬಲಿ ಕೊಡು ಅಂದ ಪರೀಕ್ಷೆಗೂ ಈ ಪುಸ್ತಕದಲ್ಲಿ ಮಸ್ತೇಮನ ಕುಮ್ಮಕ್ಕೇ ಕಾರಣ. ದಾವೀದನ ಕಥೆಯಲ್ಲಿ ನೋಡಿದ ಅದೇ ತಿದ್ದುಪಡಿ.

ಇನ್ನು ಮೃತ ಸಮುದ್ರದ ದಡದ ಕುಮ್ರಾನ್. 1947ರಲ್ಲಿ ಅಲ್ಲಿನ ಗುಹೆಗಳಲ್ಲಿ ಹಳೆಯ ಯಹೂದಿ ಬರಹಗಳ ಸುರುಳಿಗಳು ಸಿಗತೊಡಗಿದವು. ಅವನ್ನು ಇಟ್ಟುಕೊಂಡಿದ್ದ ಯಹೂದಿ ಪಂಥದವರ ಪ್ರಕಾರ ಜನ ಎರಡು ಪಾಲು: ಬೆಳಕಿನ ಮಕ್ಕಳು, ಕತ್ತಲಿನ ಮಕ್ಕಳು. ಕತ್ತಲಿನವರ ಮುಖಂಡ ಬೆಲಿಯಾಳ. ಕೊನೆಯ ಯುದ್ಧದಲ್ಲಿ ಸೇನೆ ಹೇಗೆ ಸಾಲುಗಟ್ಟಬೇಕು, ಕಹಳೆ ಯಾವಾಗ ಊದಬೇಕು ಅಂತ ಬರೆದಿಟ್ಟಿದ್ದಾರೆ. ಕುಮ್ರಾನಿನವರ ದೃಷ್ಟಿಯಲ್ಲಿ ಕತ್ತಲಿನ ಮಕ್ಕಳು ಹೊರಗಿನವರು ಮಾತ್ರ ಅಲ್ಲ, ತಮ್ಮ ಮಾತು ಕೇಳದ ಬೇರೆ ಯಹೂದಿಗಳೂ ಅದೇ ಗುಂಪು. ಒಳಜಗಳ ಹೆಚ್ಚಾದಾಗ ಸೈತಾನನ ಮೈಯೂ ತುಂಬಿಕೊಳ್ಳುತ್ತದೆ ಅಂತ ನನಗೆ ಅನಿಸುವುದು ಇಂಥದ್ದನ್ನು ಓದಿದಾಗ.

ಹೊಸ ಒಡಂಬಡಿಕೆಯಲ್ಲಿ, ಅಂದರೆ ಬೈಬಲಿನ ಕ್ರೈಸ್ತ ಭಾಗದಲ್ಲಿ, ಹೊಸದೇನು?

ಬೇರೆ ಬೇರೆ ಹೆಸರುಗಳೆಲ್ಲ ಒಬ್ಬನ ಮೇಲೆ ಬಂದು ಕೂತದ್ದು. ಪ್ರಕಟನೆ ಗ್ರಂಥ, 12ನೇ ಅಧ್ಯಾಯ, 9ನೇ ವಚನ ಓದಿ. ಮಹಾ ಘಟಸರ್ಪ, ಆದಿಯ ಹಾವು, ಪಿಶಾಚ, ಸೈತಾನ, ಎಲ್ಲರೂ ಒಬ್ಬನೇ ಅಂತ ಒಂದೇ ಉಸಿರಿನಲ್ಲಿ ಹೇಳುತ್ತದೆ. ಏದೆನಿನ ಹಾವು, ಯೋಬನ ಎದುರಾಳಿ, ಹಳೆಯ ಕಥೆಗಳ ಕಡಲಿನ ರಾಕ್ಷಸನಾದ ಘಟಸರ್ಪ, ಎಲ್ಲರ ಕಡತ ಒಂದೇ ಆಯಿತು.

ಅವನ ಸ್ಥಾನವೂ ಮೇಲೇರಿತು. ಯೋಹಾನನ ಸುವಾರ್ತೆ ಅವನನ್ನು ಈ ಲೋಕದ ಅಧಿಪತಿ ಅನ್ನುತ್ತದೆ. ಮೊದಲ ಕಾಲದ ಕ್ರೈಸ್ತ ಪ್ರಚಾರಕ ಪೌಲ ಈ ಪ್ರಪಂಚದ ದೇವರು ಅಂತಲೇ ಬರೆದುಬಿಡುತ್ತಾನೆ. ಅಡವಿಯಲ್ಲಿ ಅವನು ಯೇಸುವಿಗೆ ಲೋಕದ ರಾಜ್ಯಗಳನ್ನೆಲ್ಲ ತೋರಿಸಿ, ನನಗೆ ಅಡ್ಡಬಿದ್ದರೆ ಇವೆಲ್ಲ ನಿನಗೆ ಅನ್ನುತ್ತಾನೆ. ಕೊಡುತ್ತೇನೆ ಅನ್ನಬೇಕಾದರೆ ಅವು ಅವನ ಕೈಯಲ್ಲಿರಬೇಕಲ್ಲ! ಯೋಬನ ಕಾಲದವನಿಗೆ ಇಷ್ಟು ಆಸ್ತಿ ಇರಲಿಲ್ಲ.

ಇದಕ್ಕೆ ಕಾರಣವೂ ಇದೆ. ಮೊದಲ ಕ್ರೈಸ್ತರ ಗುರುವನ್ನು ರೋಮಿನವರು ಶಿಲುಬೆಗೆ ಹಾಕಿ ಕೊಂದಿದ್ದರು. ಅದು ಸೋಲಲ್ಲ, ಗೆಲುವು ಅಂತ ಅವರು ಸಾರಬೇಕಿತ್ತು. ಯಾರ ಮೇಲೆ ಗೆಲುವು? ರೋಮ್ ಇದ್ದ ಹಾಗೇ ಇತ್ತು. ಹಾಗಾಗಿ ರೋಮಿಗಿಂತ ದೊಡ್ಡ ಶತ್ರು ಒಬ್ಬ ಬೇಕು, ಯೇಸು ಸೋಲಿಸಿದ್ದು ಅವನನ್ನು. ಗೆಲುವು ದೊಡ್ಡದಾದಷ್ಟೂ ಸೋತವನೂ ದೊಡ್ಡವನಾಗಲೇಬೇಕು.

ಹಳೆಯ ಸೈತಾನ ಪೂರ್ತಿ ಮಾಯವಾದನಾ?

ಇಲ್ಲ. ಲೂಕನ ಸುವಾರ್ತೆಯ 22ನೇ ಅಧ್ಯಾಯದಲ್ಲಿ ಯೇಸು ತನ್ನ ಶಿಷ್ಯ ಪೇತ್ರನಿಗೆ ಹೇಳುವ ಮಾತಿದೆ: ನಿಮ್ಮನ್ನು ಗೋಧಿಯಂತೆ ಒನೆಯಬೇಕು ಅಂತ ಸೈತಾನ ಕೇಳಿಕೊಂಡಿದ್ದಾನೆ. ಇಲ್ಲೂ ಅವನು ಒಪ್ಪಿಗೆ ಕೇಳುತ್ತಾನೆ, ಯೋಬನ ಕಥೆಯಲ್ಲಿ ಕೇಳಿದ ಹಾಗೆ. ಇನ್ನೊಂದು ಕಡೆ ಯೇಸು ಪೇತ್ರನನ್ನೇ ಸೈತಾನ ಅಂತ ಕರೆದು, ನನ್ನ ಹಿಂದೆ ಹೋಗು ಅನ್ನುತ್ತಾನೆ. ದಾರಿಗೆ ಅಡ್ಡ ನಿಂತವನು ಅನ್ನುವ ಹಳೆಯ ಅರ್ಥ ಅಲ್ಲಿ ಜೀವಂತವಾಗಿದೆ.

ಲೂಸಿಫರ್ ಯಾರು?

ಬಾಬಿಲೋನಿನ ಒಬ್ಬ ರಾಜ. ಯೆಶಾಯನ 14ನೇ ಅಧ್ಯಾಯ ಅವನನ್ನು ಹಂಗಿಸುವ ಹಾಡು. ಹೊಳೆಯುವವನೇ, ಮುಂಜಾನೆಯ ಮಗನೇ, ಆಕಾಶದಿಂದ ಹೇಗೆ ಬಿದ್ದೆ ಅಂತ ಕೇಳುತ್ತದೆ. ಬೆಳಗಿನ ಶುಕ್ರ ನಕ್ಷತ್ರವನ್ನು ನೋಡಿ ಹೇಳಿದ ಮಾತು. ನಾಲ್ಕನೇ ಶತಮಾನದ ಕೊನೆಗೆ ಜೆರೋಮ್ ಅನ್ನುವ ಕ್ರೈಸ್ತ ಪಂಡಿತ ಬೈಬಲನ್ನು ಲ್ಯಾಟಿನ್‌ಗೆ ತರುವಾಗ ಶುಕ್ರಕ್ಕಿದ್ದ ಲ್ಯಾಟಿನ್ ಪದವನ್ನೇ ಹಾಕಿದ: ಲೂಸಿಫರ್. ಅಷ್ಟು ಹೊತ್ತಿಗಾಗಲೇ, ಮೂರನೇ ಶತಮಾನದ ಕ್ರೈಸ್ತ ಪಂಡಿತ ಓರಿಜೆನ್ ಮುಂತಾದವರು ಈ ಹಾಡನ್ನು ಸೈತಾನನ ಪತನದ ಕಥೆಯಾಗಿ ಓದತೊಡಗಿದ್ದರು. ಹೀಗೆ ನಕ್ಷತ್ರದ ಹೆಸರು ಸೈತಾನನಿಗೆ ಅಂಟಿತು.

ಒಂದು ತಮಾಷೆ ನೋಡಿ. ಅದೇ ನಾಲ್ಕನೇ ಶತಮಾನದಲ್ಲಿ ಸಾರ್ಡೀನಿಯಾದ ಕಾಲ್ಯಾರಿಯಲ್ಲಿ ಒಬ್ಬ ಬಿಷಪ್ ಇದ್ದರು. ಅವರ ಹೆಸರೇ ಲೂಸಿಫರ್.

ಅವನು ಯಾಕೆ ಬಿದ್ದ ಅಂತ ಚರ್ಚ್ ಹೇಳುತ್ತದೆ?

ಅಹಂಕಾರದಿಂದ. ಮೊದಲು ಒಂದೇ ಉತ್ತರ ಇರಲಿಲ್ಲ. ಹೊಟ್ಟೆಕಿಚ್ಚು ಅಂದವರಿದ್ದರು, ಹೆಣ್ಣಿನ ಮೋಹ ಅಂದವರಿದ್ದರು. ಆದಾಮ ಹವ್ವರ ಬದುಕಿನ ಬಗ್ಗೆ ಒಂದು ಹಳೆಯ ಕಥೆಯಲ್ಲಿ, ಹೊಸದಾಗಿ ಸೃಷ್ಟಿಯಾದ ಆದಾಮನಿಗೆ ತಲೆಬಾಗಲು ಸೈತಾನ ಒಪ್ಪುವುದಿಲ್ಲ. ನಾನೇ ಮೊದಲು ಹುಟ್ಟಿದ್ದು, ಅವನೇ ನನಗೆ ತಲೆಬಾಗಲಿ ಅಂತ ವಾದ. ಕುರ್‌ಆನಿನಲ್ಲಿ ಇಬ್ಲೀಸ್ ಆದಮನಿಗೆ ಸುಜೂದ್ (ಸಾಷ್ಟಾಂಗ) ಮಾಡಲು ಒಪ್ಪದ ಕಥೆ ಗೊತ್ತಿರುವವರಿಗೆ ಇದು ತಕ್ಷಣ ಹೊಳೆಯುತ್ತದೆ.

ಐದನೇ ಶತಮಾನದಲ್ಲಿ ಬಿಷಪ್ ಆಗಸ್ಟೀನ್ ಅಹಂಕಾರದ ಉತ್ತರವನ್ನು ಗಟ್ಟಿ ಮಾಡಿದ. ಅವನು ಯುವಕನಾಗಿದ್ದಾಗ ಮಾನಿ ಪಂಥದಲ್ಲಿದ್ದವನು. ಅವರಿಗೆ ಕತ್ತಲೂ ಒಂದು ಸ್ವತಂತ್ರ ಶಕ್ತಿ. ಅದರಿಂದ ಹೊರಬಂದವನಿಗೆ ಕೇಡಿಗೆ ಸ್ವಂತ ಬುಡ ಇಲ್ಲ ಅಂತ ತೋರಿಸುವುದು ಮುಖ್ಯವಾಗಿತ್ತು. 1215ರಲ್ಲಿ ಚರ್ಚಿನ ನಾಲ್ಕನೇ ಲ್ಯಾಟರನ್ ಮಹಾಸಭೆ ಇದನ್ನೇ ವಿಧಿಯಾಗಿ ಬರೆಯಿತು: ದೇವರು ಪಿಶಾಚರನ್ನು ಸೃಷ್ಟಿಸಿದಾಗ ಅವರು ಒಳ್ಳೆಯವರೇ, ಕೆಟ್ಟವರಾದದ್ದು ತಾವಾಗಿಯೇ.

ಇತ್ತ ರಬ್ಬಿಗಳು ಏನು ಮಾಡಿದರು?

ಕ್ರಿ.ಶ. 70ರಲ್ಲಿ ರೋಮಿನವರು ಜೆರುಸಲೇಮಿನ ದೇವಾಲಯ ಕೆಡವಿದರು. ಆಮೇಲೆ ಯಹೂದಿ ಧರ್ಮವನ್ನು ಕಟ್ಟಿದ ರಬ್ಬಿಗಳು ಹನೋಕನ ಪುಸ್ತಕವನ್ನು ಬದಿಗಿಟ್ಟರು. ಇವತ್ತು ಅದನ್ನು ಬೈಬಲಿನೊಳಗೇ ಇಟ್ಟುಕೊಂಡಿರುವುದು ಇಥಿಯೋಪಿಯದ ಚರ್ಚ್. ದೇವರ ಮೇಲೆ ದಂಗೆ ಎದ್ದ ದೊಡ್ಡ ಶತ್ರು ರಬ್ಬಿಗಳಿಗೆ ಬೇಕಾಗಲಿಲ್ಲ. ಕೇಡಿನ ಲೆಕ್ಕ ಕೊಡಲು ಅವರು ಮನುಷ್ಯನೊಳಗೇ ನೋಡಿದರು. ಅಲ್ಲಿ ಕೆಟ್ಟ ತುಡಿತವಿದೆ, ಯೇಚೆರ್ ಹಾರಾ. ಅದೂ ಪೂರ್ತಿ ಕೆಟ್ಟದ್ದಲ್ಲ. ಅದಿಲ್ಲದಿದ್ದರೆ ಯಾರೂ ಮನೆ ಕಟ್ಟುತ್ತಿರಲಿಲ್ಲ, ಮದುವೆಯಾಗುತ್ತಿರಲಿಲ್ಲ ಅನ್ನುವ ಮಾತು ಅವರಲ್ಲಿದೆ.

ರಬ್ಬಿಗಳ ಚರ್ಚೆಗಳ ದೊಡ್ಡ ಸಂಗ್ರಹವಾದ ತಾಲ್ಮುದ್‌ನ ಬಾವಾ ಬಾತ್ರಾ ಭಾಗದಲ್ಲಿ ರೇಶ್ ಲಾಕಿಶ್ ಅನ್ನುವ ರಬ್ಬಿ ಹೇಳುತ್ತಾನೆ: ಸೈತಾನ, ಕೆಟ್ಟ ತುಡಿತ, ಸಾವಿನ ದೂತ, ಮೂವರೂ ಒಬ್ಬನೇ. ಅದೇ ಪುಟದಲ್ಲಿ ಇನ್ನೊಂದು ಮಾತು. ಯೋಬನ ವಿಷಯದಲ್ಲಿ ಸೈತಾನ ಮಾಡಿದ್ದು ಒಳ್ಳೆಯ ಉದ್ದೇಶದಿಂದ. ದೇವರು ಯೋಬನನ್ನು ಹೊಗಳುತ್ತಾ ಅಬ್ರಹಾಮನ ಪ್ರೀತಿಯನ್ನು ಮರೆತುಬಿಟ್ಟಾನು ಅಂತ ಅವನಿಗೆ ಚಿಂತೆಯಾಗಿತ್ತಂತೆ. ಈ ವ್ಯಾಖ್ಯಾನವನ್ನು ಒಬ್ಬ ರಬ್ಬಿ ಊರಲ್ಲಿ ಪಾಠ ಮಾಡಿದಾಗ ಸೈತಾನನೇ ಬಂದು ಅವನ ಪಾದಕ್ಕೆ ಮುತ್ತಿಟ್ಟ. ಪಾಪ, ಒಳ್ಳೆಯ ಮಾತು ಕೇಳಿ ಎಷ್ಟು ದಿನವಾಗಿತ್ತೋ.

ಅಂದರೆ ಯಹೂದಿಗಳಿಗೆ ಅವನ ಭಯ ಇಲ್ವಾ?

ಇದೆ, ಆದರೆ ಬೇರೆ ಥರ. ಕಿದ್ದುಶೀನ್ ಭಾಗದಲ್ಲಿ ಪೆಲೀಮೊ ಅನ್ನುವವನ ಕಥೆಯಿದೆ. ಅವನು ದಿನಾ "ಸೈತಾನನ ಕಣ್ಣಿಗೆ ಬಾಣ ಬೀಳಲಿ" ಅಂತ ಶಪಿಸುತ್ತಿದ್ದ. ಯೋಮ್ ಕಿಪ್ಪೂರ್ ಅನ್ನುವ ಪ್ರಾಯಶ್ಚಿತ್ತದ ಉಪವಾಸದ ಹಿಂದಿನ ದಿನ ಬಾಗಿಲಿಗೆ ಒಬ್ಬ ಭಿಕ್ಷುಕ ಬಂದ. ರೊಟ್ಟಿ ಕೊಟ್ಟರು. ಇಂಥ ದಿನ ಎಲ್ಲರೂ ಒಳಗೆ, ನಾನೊಬ್ಬ ಹೊರಗಾ ಅಂದ. ಒಳಗೆ ಕರೆದರು. ಎಲ್ಲರೂ ಊಟಕ್ಕೆ ಒಟ್ಟಿಗೆ ಕೂತಿದ್ದಾರೆ, ನಾನೊಬ್ಬನೇ ಬೇರೆಯಾ ಅಂದ. ಜೊತೆಗೆ ಕೂರಿಸಿಕೊಂಡರು. ಮೈ ತುಂಬ ಹುಣ್ಣು, ಅಸಹ್ಯವಾಗಿ ನಡೆದುಕೊಂಡ. ಕುಡಿಯಲು ಬಟ್ಟಲು ಕೊಟ್ಟರೆ ಕೆಮ್ಮಿ ಅದರೊಳಗೇ ಕಫ ಉಗಿದ. ಗದರಿದರೆ ಸತ್ತವನಂತೆ ಬಿದ್ದುಕೊಂಡ. ಪೆಲೀಮೊ ಮನುಷ್ಯನನ್ನು ಕೊಂದ ಅಂತ ಗುಲ್ಲೆದ್ದಿತು. ಪೆಲೀಮೊ ಓಡಿಹೋಗಿ ಕಕ್ಕಸಿನಲ್ಲಿ ಅಡಗಿಕೊಂಡ. ಭಿಕ್ಷುಕನ ವೇಷದಲ್ಲಿದ್ದ ಸೈತಾನ ಅಲ್ಲಿಗೂ ಬಂದ. ಅವನ ಪಾಡು ನೋಡಿ ಕೊನೆಗೆ ತಾನು ಯಾರು ಅಂತ ಹೇಳಿದ. ಯಾಕಪ್ಪಾ ದಿನಾ ಹಾಗೆ ಶಪಿಸುತ್ತೀಯ ಅಂತ ಕೇಳಿದ. ಮತ್ತೆ ಹೇಗೆ ಹೇಳಲಿ ಅಂದರೆ, ದಯಾಮಯನು ಸೈತಾನನನ್ನು ಗದರಿಸಲಿ ಅಂತ ಹೇಳು ಅಂದ.

ಜೆಕರ್ಯನ ಪುಸ್ತಕದಲ್ಲಿ ದೇವರು ಅವನನ್ನು ಗದರಿಸುವ ಮಾತೇ ಇದು. ಬೈಯಬೇಕಾದರೆ ನನ್ನ ಯಜಮಾನನಿಂದ ಬೈಸು, ನೀನು ಬೈಯಬೇಡ ಅಂತ ಅರ್ಥ. ಮಧ್ಯಯುಗದ ಯಾವ ಕ್ರೈಸ್ತ ಸಂತನೂ ಸೈತಾನನ ಜೊತೆ ಇಂಥ ಮಾತುಕತೆಗೆ ಕೂರುತ್ತಿರಲಿಲ್ಲ ಅನಿಸುತ್ತದೆ.

ಯೋಮಾ ಭಾಗದಲ್ಲಿ ಒಂದು ಲೆಕ್ಕವೂ ಇದೆ. ಹೀಬ್ರೂ ಅಕ್ಷರಗಳಿಗೆ ಸಂಖ್ಯೆಗಳಿವೆ. ಹಾ-ಸಾತಾನ್ ಅನ್ನುವುದನ್ನು ಕೂಡಿದರೆ 364. ವರ್ಷದಲ್ಲಿ 364 ದಿನ ಅವನಿಗೆ ತಪ್ಪು ಹೊರಿಸುವ ಅಧಿಕಾರ, ಯೋಮ್ ಕಿಪ್ಪೂರ್ ದಿನ ಮಾತ್ರ ಇಲ್ಲ.

ಯಹೂದಿಗಳಲ್ಲಿ ದೊಡ್ಡ ಸೈತಾನ ಮತ್ತೆ ಬರಲೇ ಇಲ್ವಾ?

ಬಂದ. ಮಧ್ಯಯುಗದ ಯಹೂದಿ ಗೂಢ ಪರಂಪರೆಯಾದ ಕಬ್ಬಾಲಾದಲ್ಲಿ ಸಮಾಯೇಲ ಅನ್ನುವ ಹೆಸರಿನಲ್ಲಿ, "ಇನ್ನೊಂದು ಮಗ್ಗುಲು" ಅನ್ನುವ ಕತ್ತಲ ಲೋಕದ ಜೊತೆಗೆ. ಜನರ ನಡುವೆ ತಾಯಿತ, ಮಂತ್ರ ಎಲ್ಲವೂ ಇದ್ದವು. ಯಹೂದಿ ಧರ್ಮ ತಾಲ್ಮುದ್‌ಗೆ ನಿಂತುಹೋಯಿತು ಅಂದುಕೊಳ್ಳುವುದು ತಪ್ಪು.

ಕೊಂಬು, ಬಾಲ ಎಲ್ಲಿಂದ ಬಂದವು?

ಬೈಬಲಿನಿಂದಂತೂ ಅಲ್ಲ, ಪ್ರಕಟನೆಯ ಘಟಸರ್ಪವನ್ನು ಬಿಟ್ಟರೆ. ಇಟಲಿಯ ರವೆನ್ನಾದಲ್ಲಿ ಆರನೇ ಶತಮಾನದ ಒಂದು ಮೊಸಾಯಿಕ್, ಅಂದರೆ ಬಣ್ಣದ ಚೂರುಗಳನ್ನು ಜೋಡಿಸಿದ ಚಿತ್ರ, ಇದೆ. ಯೇಸು ಕುರಿಗಳನ್ನೂ ಆಡುಗಳನ್ನೂ ಬೇರೆ ಮಾಡುತ್ತಿದ್ದಾನೆ. ಕುರಿಗಳ ಹಿಂದೆ ಕೆಂಪು ದೇವದೂತ, ಆಡುಗಳ ಹಿಂದೆ ನೀಲಿ ದೇವದೂತ. ಆ ನೀಲಿಯವನೇ ಸೈತಾನ ಅಂತ ಹಲವರ ಅಭಿಪ್ರಾಯ. ನೋಡಲು ಸುಂದರವಾಗಿಯೇ ಇದ್ದಾನೆ, ತಲೆಯ ಸುತ್ತ ಪ್ರಭೆಯೂ ಇದೆ. ಆಡಿನ ಕಾಲು, ಕೊಂಬು ಬಂದದ್ದು ಆಮೇಲೆ. ಗ್ರೀಕರ ಪಾನ್ ದೇವತೆಯ ರೂಪ ಅದರ ಹಿಂದಿದೆ ಅನ್ನುತ್ತಾರೆ.

ಅವನು ನರಕದ ರಾಜ ತಾನೆ?

ಪ್ರಕಟನೆಯ 20ನೇ ಅಧ್ಯಾಯದಲ್ಲಿ ಅವನನ್ನು ಬೆಂಕಿಯ ಕೆರೆಗೆ ಎಸೆಯುತ್ತಾರೆ. ಅಲ್ಲಿ ಅವನು ಕೈದಿ, ಜೈಲರ್ ಅಲ್ಲ. 14ನೇ ಶತಮಾನದ ಇಟಲಿಯ ಕವಿ ದಾಂತೆಯ ಕಾವ್ಯದಲ್ಲೂ ಅವನು ನರಕದ ತಳದಲ್ಲಿ ಎದೆಮಟ್ಟ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿದ್ದಾನೆ.

ಈ ಬದಲಾವಣೆಯಿಂದ ಯಾರಿಗಾದರೂ ತೊಂದರೆಯಾಯಿತಾ?

ಯಹೂದಿಗಳಿಗೇ ಆಯಿತು. ಯೋಹಾನನ ಸುವಾರ್ತೆಯ 8ನೇ ಅಧ್ಯಾಯದಲ್ಲಿ ಯೇಸು ತನ್ನ ಜೊತೆ ವಾದಕ್ಕಿಳಿದ ಯಹೂದಿಗಳಿಗೆ, ಪಿಶಾಚನೇ ನಿಮ್ಮ ತಂದೆ ಅನ್ನುವ ಮಾತಿದೆ. ಬರೆದ ಕಾಲಕ್ಕೆ ಅದು ಯಹೂದಿಗಳ ಒಳಗಿನ ಜಗಳ. ಯೇಸುವೂ ಯಹೂದಿ, ಶಿಷ್ಯರೂ ಯಹೂದಿಗಳು. ಕುಮ್ರಾನಿನವರೂ ತಮ್ಮವರನ್ನೇ ಕತ್ತಲಿನ ಮಕ್ಕಳು ಅಂದಿದ್ದರಲ್ಲ, ಅದೇ ಥರದ ಬೈಗುಳ. ಆದರೆ ಕ್ರೈಸ್ತರ ಕೈಗೆ ರಾಜ್ಯಾಧಿಕಾರ ಬಂದ ಮೇಲೆ ಅದೇ ಮಾತಿನ ಅರ್ಥ ಬದಲಾಯಿತು. ಮಧ್ಯಯುಗದ ಯುರೋಪಿನಲ್ಲಿ ಯಹೂದಿಗಳನ್ನು ಕೊಂಬಿಟ್ಟು, ಸೈತಾನನ ಜೊತೆಗಾರರೆಂದು ಚಿತ್ರಿಸಿದರು. ದಾಳಿಗಳೂ ನಡೆದವು. 1965ರಲ್ಲಿ ಕ್ಯಾಥೋಲಿಕ್ ಚರ್ಚಿನ ಎರಡನೇ ವ್ಯಾಟಿಕನ್ ಮಹಾಸಭೆ, ಯೇಸುವಿನ ಸಾವಿನ ಹೊಣೆಯನ್ನು ಎಲ್ಲ ಯಹೂದಿಗಳ ಮೇಲೆ ಹೊರಿಸಬಾರದು ಅಂತ ಸ್ಪಷ್ಟವಾಗಿ ಹೇಳಿತು.

ಇವತ್ತು ಇಬ್ಬರೂ ಅವನನ್ನು ಎಲ್ಲಿ ನೆನೆಯುತ್ತಾರೆ?

ಕ್ಯಾಥೋಲಿಕರು ದೀಕ್ಷಾಸ್ನಾನದಲ್ಲಿ. ಮಂಗಳೂರಿನ ಚರ್ಚ್ ಇರಲಿ, ಬೆಂಗಳೂರಿನದಿರಲಿ, ನೀರು ಹಾಕುವ ಮೊದಲು ಸೈತಾನನನ್ನು ತ್ಯಜಿಸುತ್ತೀರಾ ಅಂತ ಪಾದ್ರಿ ಕೇಳುತ್ತಾರೆ. ಕಂಕುಳಲ್ಲಿ ಮಗು ಎತ್ತಿಕೊಂಡ ತಂದೆತಾಯಿ ಹೌದು ಅನ್ನುತ್ತಾರೆ. ಈಸ್ಟರ್ ಹಿಂದಿನ ರಾತ್ರಿಯ ಪೂಜೆಯಲ್ಲಿ ಇಡೀ ಸಭೆ ಇದನ್ನು ಮತ್ತೆ ಹೇಳುತ್ತದೆ. ಯಹೂದಿಗಳು ಸಂಜೆಯ ಪ್ರಾರ್ಥನೆಯಲ್ಲಿ ಅವನ ಹೆಸರೆತ್ತುತ್ತಾರೆ. ರಾತ್ರಿ ನೆಮ್ಮದಿಯಾಗಿ ಮಲಗಿಸು, ನಮ್ಮ ಮುಂದಿನಿಂದಲೂ ಹಿಂದಿನಿಂದಲೂ ಸೈತಾನನನ್ನು ಸರಿಸು ಅಂತ ದೇವರನ್ನು ಕೇಳಿಕೊಳ್ಳುತ್ತಾರೆ.